ಪಟ್ಟದಕಲ್ಲು ಮತ್ತು ಎಲ್ಲೋರದ ನಡುವಿನ ಮೂರು ದಿನ: ಟೂರ್ ಮ್ಯಾನೇಜರ್ ಕೆಲಸದಲ್ಲಿ ಕಲಿತದ್ದು

ಮುಂಬೈಯ ಫೋರ್ಟ್ ಪ್ರದೇಶದಲ್ಲಿರುವ ಒಂದು ಪ್ರವಾಸ ಸಂಸ್ಥೆಯಲ್ಲಿ ನಾನು ಟೂರ್ ಮ್ಯಾನೇಜರ್. ಗುಂಪು ಹೊರಟ ಗಳಿಗೆಯಿಂದ ಮರಳುವವರೆಗೆ ಅತಿಥಿಗಳ ಜೊತೆಗಿದ್ದು, ಅವರ ಊಟ, ಔಷಧಿ, ಸಾಮಾನು, ಸಮಯ ಎಲ್ಲವನ್ನೂ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಕರೆದೊಯ್ದ ಪ್ರವಾಸಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಡೆಕ್ಕನ್ ಒಡಿಸ್ಸಿ ರೈಲಿನ ದಖ್ಖನ್ ಮಾರ್ಗ. ಮಹಾರಾಷ್ಟ್ರದ ಪ್ರವಾಸೋದ್ಯಮ ನಿಗಮವೂ ಭಾರತೀಯ ರೈಲ್ವೆಯೂ ಸೇರಿ 2004ರಲ್ಲಿ ಆರಂಭಿಸಿದ ಈ ಐಷಾರಾಮಿ ರೈಲಿಗೆ ಹಲವು ಮಾರ್ಗಗಳಿವೆ. ಅವುಗಳಲ್ಲಿ ಒಂದು ಮುಂಬೈಯಿಂದ ಹೊರಟು ವಿಜಯಪುರ, ಐಹೊಳೆ, ಪಟ್ಟದಕಲ್ಲು, ಹಂಪಿ, ಹೈದರಾಬಾದ್, ಎಲ್ಲೋರ, ಅಜಂತಾಗಳನ್ನು ಒಂದೇ ವಾರದಲ್ಲಿ ತೋರಿಸಿ ಮರಳಿ ಮುಂಬೈಗೆ ತರುತ್ತದೆ. ಮೂಲತಃ ಬಾಗಲಕೋಟೆ ಕಡೆಯವನಾದ ನನಗೆ ಆ ದಾರಿ ಒಂದು ರೀತಿಯಲ್ಲಿ ಊರಿಗೆ ಹೋಗಿ ಬಂದಂತೆ.

ಇಂಥ ರೈಲಿನಲ್ಲಿ ಅತಿಥಿಗಳು ಹೋಟೆಲ್ ಬದಲಿಸುವ ತೊಂದರೆಯಿಲ್ಲ. ರಾತ್ರಿ ಮಲಗಿದಾಗ ರೈಲು ಓಡುತ್ತದೆ, ಬೆಳಗ್ಗೆ ಎದ್ದಾಗ ಹೊಸ ಊರು ಬಂದಿರುತ್ತದೆ. ಹೊರಗೆ ಬಸ್ಸು ಕಾದಿರುತ್ತದೆ, ಸ್ಥಳೀಯ ಗೈಡ್ ಒಬ್ಬರು ಕಾದಿರುತ್ತಾರೆ. ಈ ಅನುಕೂಲದಲ್ಲೇ ಒಂದು ಕೊರತೆ ಅಡಗಿದೆ ಎಂಬುದು ನನಗೆ ಮೊದಲ ಕೆಲವು ವರ್ಷ ಹೊಳೆದಿರಲಿಲ್ಲ. ನಿದ್ದೆಯಲ್ಲಿ ದಾಟಿದ ದಾರಿ ಅತಿಥಿಯ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ, ಪ್ರತಿಯೊಂದು ಊರೂ ಹಿಂದಿನ ಊರಿನ ಸಂಬಂಧವನ್ನು ಕಡಿದುಕೊಂಡು ಬೇರೆಯಾಗಿಯೇ ನಿಲ್ಲುತ್ತದೆ. ಗೈಡ್‌ಗಳೂ ಊರಿಗೊಬ್ಬರು. ವಿಜಯಪುರದವರು 1656ರಲ್ಲಿ ಮುಗಿದ ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯನ್ನು ಚೆನ್ನಾಗಿ ತೋರಿಸುತ್ತಾರೆ, ಹಂಪಿಯವರು ವಿಠ್ಠಲ ಗುಡಿಯನ್ನು ಚೆನ್ನಾಗಿ ತೋರಿಸುತ್ತಾರೆ. ತಮ್ಮ ಅತಿಥಿಗಳು ನಿನ್ನೆ ಏನು ನೋಡಿ ಬಂದರು, ನಾಳೆ ಏನು ನೋಡಲಿದ್ದಾರೆ ಎಂಬುದು ಅವರಿಗೆ ಸಂಬಂಧಿಸಿದ್ದಲ್ಲ. ಅದು ಅವರ ತಪ್ಪೂ ಅಲ್ಲ.

ಮಾಟುಂಗದ ಕನ್ನಡ ಕುಟುಂಬಗಳ ಗುಂಪೊಂದನ್ನು ಕರೆದೊಯ್ದಿದ್ದಾಗ ಈ ಕೊರತೆ ನನ್ನ ಕಣ್ಣಿಗೆ ಬಿತ್ತು. ಗುಂಪಿನಲ್ಲಿ ನಿವೃತ್ತ ಸಿವಿಲ್ ಎಂಜಿನಿಯರ್ ಒಬ್ಬರಿದ್ದರು. ಎಲ್ಲೋರದ ಹದಿನಾರನೆಯ ಗುಹೆಯಾದ ಕೈಲಾಸ ದೇಗುಲದ ಅಂಗಳದಲ್ಲಿ ನಿಂತು, ಬಹಳ ಹೊತ್ತು ಮೇಲೆ ನೋಡಿ, ನನ್ನನ್ನು ಕರೆದು ಕೇಳಿದರು: "ಏನಪ್ಪಾ, ಈ ಗುಡಿಯನ್ನು ನಾವು ಮೂರು ದಿನದ ಹಿಂದೆ ನೋಡಿದೆವಲ್ಲ? ಹೊಳೆ ದಂಡೆಯ ಮೇಲಿತ್ತಲ್ಲ, ಅದೇ ಅಲ್ಲವೇ ಇದು?" ಬಸ್ಸು ಹೊರಡುವ ಸಮಯವಾಗಿತ್ತು, ಇಬ್ಬರು ಅತಿಥಿಗಳು ಇನ್ನೂ ಮೇಲಂತಸ್ತಿನಲ್ಲಿದ್ದರು. "ಇಲ್ಲ ಸರ್, ಅದು ಬೇರೆ, ಇದು ಬೇರೆ. ಅದು ಕಟ್ಟಿದ್ದು, ಇದು ಬಂಡೆಯಲ್ಲಿ ಕೊರೆದದ್ದು" ಎಂದು ಹೇಳಿ ನಾನು ಮುಂದೆ ನಡೆದುಬಿಟ್ಟೆ.

ಅಂದು ರಾತ್ರಿ ಊಟದ ಬೋಗಿಯಲ್ಲಿ ಅವರು ಕಾಗದದ ಕರವಸ್ತ್ರವೊಂದನ್ನು ಬಿಡಿಸಿ, ಅದರ ಮೇಲೆ ಎರಡು ನಕ್ಷೆಗಳನ್ನು ಅಕ್ಕಪಕ್ಕದಲ್ಲಿ ಬರೆದು ನನ್ನ ಮುಂದಿಟ್ಟರು. ಎರಡರಲ್ಲೂ ಮೊದಲು ದ್ವಾರ, ಆಮೇಲೆ ಬೇರೆಯಾಗಿ ನಿಂತ ನಂದಿ ಮಂಟಪ, ಅದರಾಚೆ ಕಂಬಗಳ ಸಭಾಮಂಟಪ, ಅದಕ್ಕೆ ಮೂರು ಕಡೆ ಮುಖಮಂಟಪ, ಕೊನೆಗೆ ಗರ್ಭಗುಡಿ, ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ದ್ರಾವಿಡ ಶಿಖರ. ರೈಲು ಅಲುಗಾಡುತ್ತಿದ್ದುದರಿಂದ ಗೆರೆಗಳು ಸೊಟ್ಟಗಾಗಿದ್ದವು. ಆದರೆ ಸಾಮ್ಯ ಸ್ಪಷ್ಟವಾಗಿತ್ತು. ಪಟ್ಟದಕಲ್ಲನ್ನು ಚಿಕ್ಕಂದಿನಿಂದ ನೋಡಿದ ನನಗೆ, ಮೊದಲ ಸಲ ನೋಡಿದವರೊಬ್ಬರು ಅದನ್ನು ತೋರಿಸಿಕೊಡಬೇಕಾಯಿತು. ಅವರ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅರ್ಧ ಸತ್ಯವಾಗಿತ್ತು. ಅದನ್ನು ನೆನೆದರೆ ಇಂದಿಗೂ ಬೇಸರವಾಗುತ್ತದೆ.

ಮುಂಬೈಗೆ ಮರಳಿದ ಮೇಲೆ ಓದತೊಡಗಿದೆ. ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿ ಸುಮಾರು 740ರಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ದೇಗುಲವನ್ನು ಕಟ್ಟಿಸಿದಳು. ಆಗ ಅದರ ಹೆಸರು ಲೋಕೇಶ್ವರ. ಕಂಚಿಯನ್ನು ಗೆದ್ದ ಆ ರಾಜ ಅಲ್ಲಿನ ಕೈಲಾಸನಾಥ ದೇಗುಲದ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟನೆಂದು ಆ ದೇಗುಲದ ಕಂಬದ ಮೇಲೆಯೇ ಕನ್ನಡ ಶಾಸನವಿದೆ. ಅವನು ಮೆಚ್ಚಿದ ಆ ಕಂಚಿಯ ಗುಡಿಯ ಛಾಯೆ ಲೋಕೇಶ್ವರದಲ್ಲಿ ಬಂತು. 753ರ ಹೊತ್ತಿಗೆ ರಾಷ್ಟ್ರಕೂಟರ ದಂತಿದುರ್ಗ ಚಾಲುಕ್ಯರನ್ನು ಸೋಲಿಸಿದ. ಅವನ ಚಿಕ್ಕಪ್ಪ ಒಂದನೆಯ ಕೃಷ್ಣನ ಕಾಲದಲ್ಲಿ, ಅಂದರೆ 756ರಿಂದ 773ರ ನಡುವೆ, ಎಲ್ಲೋರದ ಕೈಲಾಸದ ಮುಖ್ಯ ಭಾಗ ರೂಪುಗೊಂಡಿತು. ಗೆದ್ದವರು ಸೋತವರ ಗುಡಿಯನ್ನು ಕೆಡವದೆ, ಅದನ್ನೇ ಮಾದರಿಯಾಗಿಟ್ಟುಕೊಂಡು ಇನ್ನೂ ದೊಡ್ಡದನ್ನು ಮಾಡಿದ ಈ ಪರಂಪರೆ ಎರಡು ಸಲ ನಡೆದಿದೆ, ಮತ್ತು ಅದರ ಎರಡನೆಯ ಕೊಂಡಿ ನಮ್ಮ ರೈಲಿನ ದಾರಿಯಲ್ಲೇ ಇದೆ.

ಊರಿಂದೂರಿಗೆ ಅತಿಥಿಗಳ ಜೊತೆ ಹೋಗುವವನು ನಾನೊಬ್ಬನೇ ಆದುದರಿಂದ ಈ ಕೊಂಡಿಯನ್ನು ಕಾಪಾಡುವ ಹೊಣೆ ನನ್ನದೇ ಎಂದು ಆಗ ಅರ್ಥವಾಯಿತು. ಅಂದಿನಿಂದ ಕೆಲಸದ ಕ್ರಮ ಬದಲಾಯಿಸಿದೆ. ಪಟ್ಟದಕಲ್ಲಿನಲ್ಲಿ ಗೈಡ್ ಮಾತು ಆರಂಭಿಸುವ ಮೊದಲು ಹತ್ತು ನಿಮಿಷ ಕೇಳಿ ಪಡೆಯುತ್ತೇನೆ. ಮಲಪ್ರಭೆಯ ಕಡೆಯ ಬಾಗಿಲಲ್ಲಿ ಎಲ್ಲರನ್ನೂ ನಿಲ್ಲಿಸಿ, ಕರಿಕಲ್ಲಿನ ನಂದಿಯಿಂದ ಗರ್ಭಗುಡಿಯವರೆಗೆ ನೇರವಾಗಿ ನಡೆಸಿ, ಶಿಖರದ ಅಂತಸ್ತುಗಳನ್ನು ಎಣಿಸಲು ಹೇಳುತ್ತೇನೆ. ಅದನ್ನು ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರು, ಅವನಿಗೆ ಸಂದ 'ತ್ರಿಭುವನಾಚಾರಿ' ಎಂಬ ಬಿರುದು ಅಲ್ಲಿಯ ಕನ್ನಡ ಶಾಸನದಲ್ಲಿದೆ. ರಾಜರ ಹೆಸರಿಗಿಂತ ಆ ಹೆಸರನ್ನು ಅತಿಥಿಗಳು ಹೆಚ್ಚು ನೆನಪಿಡುತ್ತಾರೆ. ಇದಕ್ಕೆ ಸಮಯ ಬೇಕೆಂದು ಐಹೊಳೆಯಲ್ಲಿ ಎರಡು ಗುಡಿಗಳನ್ನು ಕೈಬಿಟ್ಟೆ. ರೈಲ್ವೆ ಕೊಟ್ಟ ವೇಳೆ ಹಿಗ್ಗುವುದಿಲ್ಲವಾದ್ದರಿಂದ, ಏನನ್ನು ಬಿಡಬೇಕೆಂದು ನಿರ್ಧರಿಸುವುದೂ ಈ ಉದ್ಯೋಗದ ಭಾಗವೇ.

ಎಲ್ಲೋರದಲ್ಲಿ ಸಾಮಾನ್ಯವಾಗಿ ಗುಂಪುಗಳನ್ನು ನೇರವಾಗಿ ಅಂಗಳಕ್ಕೆ ನುಗ್ಗಿಸುತ್ತಾರೆ. ನಾನು ಹಾದಿ ತೆರೆದಿದ್ದರೆ, ನಡೆಯಬಲ್ಲವರನ್ನು ಮೊದಲು ಪಕ್ಕದ ಗುಡ್ಡಕ್ಕೆ ಹತ್ತಿಸುತ್ತೇನೆ. ಶಿಲ್ಪಿಗಳು ಮೇಲಿನಿಂದ ಕೆಳಗೆ ಕೊರೆಯುತ್ತ ಇಳಿದ ಆ ಸುಮಾರು 30 ಮೀಟರ್ ಎತ್ತರದ ಗುಡಿಯ ನಕ್ಷೆ ಅಲ್ಲಿಂದ ಕರವಸ್ತ್ರದ ಮೇಲೆ ಬರೆದಂತೆಯೇ ಕಾಣುತ್ತದೆ. ಪಟ್ಟದಕಲ್ಲಿನ ಶಿಲ್ಪಿಗಳೇ ಇಲ್ಲಿಗೆ ಬಂದರೆಂದು ಕೆಲವು ಗೈಡ್‌ಗಳು ಖಚಿತವಾಗಿ ಹೇಳಿಬಿಡುತ್ತಾರೆ. ಅದನ್ನು ಊಹೆ ಎಂದೇ ಹೇಳಿರೆಂದು ಅವರಲ್ಲಿ ವಿನಂತಿಸಿಕೊಳ್ಳುತ್ತೇನೆ. ಹೋಲಿಕೆ ಕಣ್ಣೆದುರೇ ಇರುವಾಗ ಉತ್ಪ್ರೇಕ್ಷೆಯ ಅಗತ್ಯವಿಲ್ಲ.

ಅಲ್ಲಿ ಹೋಲಿಕೆಯನ್ನು ನಾನಾಗಿ ಹೇಳುವುದಿಲ್ಲ, ಅತಿಥಿಗಳಲ್ಲಿ ಯಾರಾದರೂ ಗುರುತಿಸುವವರೆಗೆ ಕಾಯುತ್ತೇನೆ. ಕಳೆದ ಚಳಿಗಾಲದ ಪ್ರವಾಸದಲ್ಲಿ ಡೊಂಬಿವಲಿಯ ಹಿರಿಯ ತಾಯಿಯೊಬ್ಬರು ಗುಡ್ಡದ ಮೇಲಿಂದ ನೋಡುತ್ತಲೇ, "ತಮ್ಮಾ, ಅಲ್ಲಿ ನಂದಿಯ ಬೆನ್ನ ಹಿಂದೆ ಸೂರ್ಯ ಹುಟ್ಟಿದ್ದ, ಇಲ್ಲಿ ನಂದಿ ಪೂರ್ವಕ್ಕೇ ಮುಖ ಮಾಡಿ ಕುಳಿತಾನಲ್ಲ!" ಎಂದರು. ಪಟ್ಟದಕಲ್ಲಿನ ಗುಡಿ ಪೂರ್ವಾಭಿಮುಖ. ಎಲ್ಲೋರದ ಬಂಡೆಯ ಸಾಲು ಪಶ್ಚಿಮಕ್ಕೆ ತೆರೆದುಕೊಂಡಿರುವುದರಿಂದ ಕೈಲಾಸ ಪಶ್ಚಿಮಾಭಿಮುಖ. ಇದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಇರಲಿಲ್ಲ. ಬಸ್ಸಿನಲ್ಲಿ ಕುಳಿತ ಕೂಡಲೇ ಅದನ್ನು ಬರೆದುಕೊಂಡೆ. ಬಸ್ಸು ಆ ದಿನ ಹನ್ನೆರಡು ನಿಮಿಷ ತಡವಾಗಿ ಹೊರಟಿತು.