‘ಚೆಮ್ಮೀನ್’: ಮೊದಲು ‘ಪೆಣ್ಣಾಳೇ’ ಕೇಳಿ

‘ಚೆಮ್ಮೀನ್’ ಎಂದ ಕೂಡಲೇ ಎಲ್ಲರ ಬಾಯಿಗೂ ಬರುವುದು ಮನ್ನಾ ಡೇ ಹಾಡಿದ ‘ಮಾನಸ ಮೈನೇ ವರೂ’. ಅಷ್ಟು ಒಳ್ಳೆಯ ಹಾಡೇ ಅದು. ಆದರೂ ರಾಮು ಕಾರ್ಯಾಟ್ ಅವರ ಈ 1965ರ ಮಲಯಾಳಂ ಚಿತ್ರವನ್ನು ಮೊದಲ ಸಲ ನೋಡುವವರು ‘ಪೆಣ್ಣಾಳೇ ಪೆಣ್ಣಾಳೇ’ಯ ಅರ್ಥ ತಿಳಿದು ಕೂರಬೇಕು. ಕಥೆಯ ಬೀಗದ ಕೈ ಇರುವುದು ಅಲ್ಲಿ.

ಏಸುದಾಸ್ ಮತ್ತು ಪಿ. ಲೀಲಾ ಹಾಡಿರುವ ಆ ಹಾಡಿನಲ್ಲಿ ಗೀತರಚನೆಕಾರ ವಯಲಾರ್ ಒಂದು ಪುಟ್ಟ ಕಥೆ ಹೇಳುತ್ತಾರೆ. ಮುತ್ತು ತರಲು ಹೋದ ಬೆಸ್ತ ಪಡುವಣ ಗಾಳಿಗೆ ಸಿಕ್ಕಿ ಮುಳುಗುತ್ತಾನೆ. ದಡದಲ್ಲಿ ಹೆಂಡತಿ ತಪಸ್ಸಿಗೆ ಕೂರುತ್ತಾಳೆ, ಕಡಲ ದೇವತೆ ಕಡಲಮ್ಮ ಅವನನ್ನು ತಂದುಕೊಡುತ್ತಾಳೆ. ಮುಂದೆ ಇನ್ನೊಬ್ಬ ಮೀನಿಗೆ ಹೋಗುತ್ತಾನೆ. ಅದೇ ಗಾಳಿ. ಈ ಸಲ ಹೆಂಡತಿ ದಾರಿ ತಪ್ಪಿದ್ದಾಳೆ, ಕಡಲಮ್ಮ ಅವನನ್ನು ಕೊಂಡೊಯ್ಯುತ್ತಾಳೆ. ಚಿತ್ರದ ನಾಯಕಿ ಕರುತ್ತಮ್ಮ, ಅವಳ ಗಂಡ ಪಳನಿ, ಪ್ರಿಯಕರ ಪರೀಕುಟ್ಟಿ ಮೂವರ ಕೊನೆಯೂ ಈ ನಂಬಿಕೆಯಲ್ಲೇ ಬರೆದಿದೆ. ಇದನ್ನು ಬರೀ ಜಾನಪದ ಧಾಟಿಯ ಕುಣಿತದ ಹಾಡೆಂದು ದಾಟಿಬಿಟ್ಟರೆ ಕೊನೆಯ ದೃಶ್ಯ ಆಕಸ್ಮಿಕದಂತೆ ಕಾಣುತ್ತದೆ.

ಹಾಡಲು ಹೊರಟ ಕನ್ನಡಿಗರು ಎಡವುವುದೂ ಇಲ್ಲೇ. ದಾರಿ ತಪ್ಪಿದಳು ಎನ್ನುವ ‘ಪಿೞಚ್ಚು’ವಿನಲ್ಲಿ ಇರುವುದು ನಮ್ಮ ಹಳಗನ್ನಡದ ೞ. ಹೊಸಗನ್ನಡದಲ್ಲಿ ಅದು ಕಳೆದುಹೋದ್ದರಿಂದ ನಾಲಿಗೆ ತಾನಾಗಿ ಳ ಎಂದುಬಿಡುತ್ತದೆ. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಸಿ, ಅಂಗುಳಕ್ಕೆ ತಾಗಿಸದೆ ಉಸಿರು ಬಿಟ್ಟರೆ ೞ ಬರುತ್ತದೆ. ‘ಮಾನಸ ಮೈನೇ’ಯ ‘ನುಳ್ಳಿ’ಗೆ (ಚಿವುಟಿ ಎಂದರ್ಥ) ಇದರ ತದ್ವಿರುದ್ಧ: ಅಲ್ಲಿ ನಾಲಿಗೆ ಅಂಗುಳಕ್ಕೆ ಒತ್ತಿ ನಿಲ್ಲಬೇಕು.

ಚಿತ್ರದ ಇನ್ನೊಂದು ಹಾಡು ‘ಪುತ್ತನ್ ವಲಕ್ಕಾರೇ’ ಎಂದರೆ ‘ಹೊಸ ಬಲೆಯವರೇ’. ಅದರಲ್ಲಿ ಬರುವ ಪುನ್ನಪ್ರ, ಪುರಕ್ಕಾಡ್ ಎರಡೂ ಕೇರಳದ ಆಲಪ್ಪುಳದ ಕಡಲೂರುಗಳು. ಹಾಡಿನಲ್ಲಿ ಬರುವ ‘ಚಾಕರ’ವೂ ಆ ದಡದ್ದೇ. ಮುಂಗಾರಿನಲ್ಲಿ ತೀರದ ನೀರಿನೊಳಗೆ ನುಣ್ಣನೆಯ ಕೆಸರು ಎದ್ದು ಅಲೆಯ ಹೊಡೆತವನ್ನು ಹೀರಿಕೊಳ್ಳುತ್ತದೆ. ಉಳಿದೆಡೆ ಕಡಲು ಕೆರಳಿದ್ದರೂ ಅಲ್ಲಿ ನೀರು ಶಾಂತ, ಮೀನು ರಾಶಿ ರಾಶಿ. ಹಸಿದ ತಿಂಗಳುಗಳಲ್ಲಿ ಬರುವ ಸುಗ್ಗಿ ಅದು. ಆ ಹಾಡಿನ ಗುಂಪು ದನಿಗಳಲ್ಲಿ ಅಷ್ಟೊಂದು ಸಂಭ್ರಮ ಏಕೆಂದು ಇದು ಗೊತ್ತಿದ್ದರಷ್ಟೇ ತಿಳಿಯುತ್ತದೆ.

ಸಂಗೀತ ಸಲೀಲ್ ಚೌಧರಿಯವರದು, ಮಲಯಾಳಂನಲ್ಲಿ ಅವರ ಮೊದಲ ಚಿತ್ರ. ಅಸ್ಸಾಮಿನ ಚಹಾ ತೋಟಗಳಲ್ಲಿ ಬೆಳೆದವರು, ತಂದೆಯ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗ್ರಾಮಫೋನ್ ತಟ್ಟೆಗಳನ್ನು ಕೇಳುತ್ತಾ ಕಲಿತವರು. ಅವರದು ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ ಎನ್ನುವ ಕ್ರಮ. ಸಿದ್ಧ ಅಳತೆಯೊಳಗೆ ವಯಲಾರ್ ಕಡಲ ಮಾತನ್ನು ಕೂರಿಸಿದ ಚೆಂದ ‘ಕಡಲಿನಕ್ಕರೆ ಪೋಣೋರೇ’ಯಲ್ಲಿ ಎದ್ದು ಕಾಣುತ್ತದೆ. ಅದನ್ನು ಕೇಳುವಾಗ ಒಂದು ಸಲ ಏಸುದಾಸರ ದನಿಯನ್ನು ಬದಿಗಿಟ್ಟು, ಹಿಂದಿನ ವಾದ್ಯಗಳಿಗಷ್ಟೇ ಕಿವಿ ಕೊಡಿ.

ಇದೇ ಕಿವಿಯಲ್ಲಿ ಕನ್ನಡದ ‘ಕೋಕಿಲ’ಕ್ಕೂ (1977) ಬನ್ನಿ. ಬಾಲು ಮಹೇಂದ್ರರ ಆ ಮೊದಲ ಚಿತ್ರಕ್ಕೂ ಸಂಗೀತ ಸಲೀಲ್‌ದಾ ಅವರದೇ.