ಎವರೆಸ್ಟ್ ಹತ್ತಿದವರನ್ನು ಮಕ್ಕಳು ಏನು ಕೇಳಬೇಕು?

"ನಮ್ಮ ಶಾಲೆಗೆ ಎವರೆಸ್ಟ್ ಹತ್ತಿದವರೊಬ್ಬರು ಬರ್ತಿದ್ದಾರೆ. ಮಕ್ಕಳು ಕೇಳೋಕೆ ಒಂದಷ್ಟು ಒಳ್ಳೆ ಪ್ರಶ್ನೆ ಬರೆದುಕೊಡಿ ಸಾರ್."

ನಾನು ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ, ಜೋಗಿಮಟ್ಟಿ ಬೆಟ್ಟಕ್ಕೆ ಕರೆದುಕೊಂಡು ಹೋಗುವವನು. ಹಾಗಾಗಿ ಊರಿನ ಮೇಷ್ಟ್ರುಗಳು ಆಗಾಗ ಹೀಗೆ ಕೇಳುತ್ತಾರೆ. ನನ್ನ ಉತ್ತರ ಒಂದೇ: ಬರೆದುಕೊಡಬೇಡಿ. ದೊಡ್ಡವರು ಬರೆದ ಚೀಟಿಯಲ್ಲಿ ಇರುವುದು "ನಿಮಗೆ ಸ್ಫೂರ್ತಿ ಯಾರು?", "ನಮಗೆ ನಿಮ್ಮ ಸಂದೇಶವೇನು?" ಇಷ್ಟೇ. ಮಕ್ಕಳು ತಾವಾಗಿ ಕೇಳುವುದೇ ಬೇರೆ. ನಮಗೆ ಅದು ಚಿಲ್ಲರೆ ಅನಿಸುತ್ತದೆ. ಆದರೆ ಅಷ್ಟು ಎತ್ತರದಲ್ಲಿ ಜೀವ ಉಳಿಯುವುದು ಆ ಚಿಲ್ಲರೆ ವಿಷಯಗಳಿಂದಲೇ.

"ಅಲ್ಲಿ ಅನ್ನ ಮಾಡ್ಕೊಂಡು ತಿಂತಾರಾ?" ಎಂಥ ಒಳ್ಳೆ ಪ್ರಶ್ನೆ! ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಎವರೆಸ್ಟ್ ತುದಿಯಲ್ಲಿ ನೀರು ಸುಮಾರು 70 ಡಿಗ್ರಿಗೇ ಕುದಿಯುತ್ತದೆ. ಕುದಿಯುತ್ತಿದ್ದರೂ ಅಕ್ಕಿ ಬೇಯುವುದಿಲ್ಲ. ಅದಕ್ಕೇ ಬೆಟ್ಟದ ಬುಡದ ಬೇಸ್ ಕ್ಯಾಂಪಿನಲ್ಲೂ ಕುಕ್ಕರ್ ಬೇಕು. ಅದಕ್ಕಿಂತ ಮೇಲೆ ಕುಡಿಯುವ ನೀರಿಗೂ ಹಿಮ ಕರಗಿಸಿಕೊಂಡು ಗಂಟೆಗಟ್ಟಲೆ ಕೂರಬೇಕು.

ಶೌಚದ ಪ್ರಶ್ನೆ ಬಂದ ಕೂಡಲೇ ಮೇಷ್ಟ್ರು ಗದರುತ್ತಾರೆ. ಗದರಬೇಡಿ. ಆ ಚಳಿಯಲ್ಲಿ ಏನೂ ಕೊಳೆಯುವುದಿಲ್ಲ, ಹಾಗೇ ಉಳಿಯುತ್ತದೆ. 2024ರಲ್ಲಿ ಎವರೆಸ್ಟ್ ಭಾಗದ ಸ್ಥಳೀಯ ಆಡಳಿತವು ಹತ್ತುವವರು ತಮ್ಮ ಮಲವನ್ನು ಚೀಲದಲ್ಲಿ ಕಟ್ಟಿ ವಾಪಸ್ ತರಬೇಕು ಎಂದು ನಿಯಮ ಮಾಡಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು: "ಮೇಲೆ ಹೋದ ಮೇಲೆ ಕೆಳಗೆ ಹೆಂಗೆ ಬರ್ತಾರೆ?"

ದೊಡ್ಡವರು ಇದನ್ನು ಕೇಳುವುದೇ ಇಲ್ಲ. ನಮ್ಮ ಮಟ್ಟಿಗೆ ತುದಿಯಲ್ಲಿ ಬಾವುಟ ಹಿಡಿದರೆ ಕಥೆ ಮುಗಿಯಿತು. ದುರ್ಗದ ಮಕ್ಕಳಿಗೆ ಹಾಗಲ್ಲ, ಅಲ್ವಾ? ಕೋಟೆಯಲ್ಲಿರುವ ತುಪ್ಪದ ಕೊಳದ ಬತ್ತೇರಿಗೆ, ಅಂದರೆ ಕಾವಲು ಬುರುಜಿಗೆ, ಬಂಡೆಯಲ್ಲಿ ಕೊರೆದ ಸಣ್ಣ ಸಣ್ಣ ಗುಳಿಗಳಲ್ಲಿ ಕಾಲಿಟ್ಟು ಹತ್ತಬೇಕು. ಹತ್ತುವಾಗ ಗುಳಿ ಕಣ್ಣೆದುರೇ ಇರುತ್ತದೆ. ಇಳಿಯುವಾಗ ಕಾಲಲ್ಲೇ ಹುಡುಕಬೇಕು. ಸರಸರ ಹತ್ತಿದ ಮಕ್ಕಳು ಅಲ್ಲಿ ಬಂಡೆಗೆ ಅಂಟಿಕೊಂಡು ಕೂತುಬಿಡುತ್ತಾರೆ. ಎವರೆಸ್ಟಿನಲ್ಲಿ ಇದಕ್ಕೆ ಇನ್ನೂ ನಾಲ್ಕು ಕಷ್ಟ ಸೇರುತ್ತವೆ. ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಒಂದು ಭಾಗ. ಹೊತ್ತೊಯ್ದ ಆಮ್ಲಜನಕದ ಸಿಲಿಂಡರ್ ಖಾಲಿಯಾಗುತ್ತಾ ಬಂದಿರುತ್ತದೆ. ಮೈ ಸೋತಿರುತ್ತದೆ. ಗೆದ್ದೆವು ಅಂತ ಮನಸ್ಸು ಸಡಿಲವಾಗಿರುತ್ತದೆ. ಮಧ್ಯಾಹ್ನ 2 ಗಂಟೆಯೊಳಗೆ ತುದಿ ಸಿಗದಿದ್ದರೆ ಎಲ್ಲಿದ್ದರೂ ತಿರುಗಬೇಕು ಅನ್ನುವ ಕಟ್ಟುಪಾಡು ಇರುವುದು ಇದಕ್ಕೇ. 1996ರ ಮೇ ತಿಂಗಳಲ್ಲಿ ಹಲವರು ಆ ಹೊತ್ತು ಮೀರಿದರೂ ಮೇಲಕ್ಕೆ ಹೋಗುತ್ತಲೇ ಇದ್ದರು. ಬಿರುಗಾಳಿ ಬಂತು. 8 ಜನ ಸತ್ತರು.

"ನನ್ನಷ್ಟು ಚಿಕ್ಕೋರು ಯಾರಾದ್ರೂ ಹತ್ತಿದ್ದಾರಾ?" ಹತ್ತಿದ್ದಾರೆ. ಈಗಿನ ತೆಲಂಗಾಣದ ಮಾಲಾವತ್ ಪೂರ್ಣಾ 2014ರಲ್ಲಿ ತುದಿ ಮುಟ್ಟಿದಾಗ ಆಕೆಗೆ ಇನ್ನೂ 14 ತುಂಬಿರಲಿಲ್ಲ. ಹತ್ತಲು ಕಲಿತದ್ದು ಭುವನಗಿರಿಯಲ್ಲಿ. ಅದೂ ನಮ್ಮ ದುರ್ಗದ ಹಾಗೆ ಕೋಟೆ ಹೊತ್ತ ಕಲ್ಲುಬೆಟ್ಟ.

ಇನ್ನೊಂದು, "ಅಲ್ಲಿ ಏನಾದ್ರೂ ಇಟ್ಟು ಬರ್ತಾರಾ?" 1953ರ ಮೇ 29ರಂದು ಎವರೆಸ್ಟನ್ನು ಮೊದಲು ಹತ್ತಿದ ತೇನ್‌ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ತುದಿಯಲ್ಲಿದ್ದದ್ದು ಸುಮಾರು 15 ನಿಮಿಷ. ಅಷ್ಟರಲ್ಲೇ ತೇನ್‌ಸಿಂಗ್ ಹಿಮದಲ್ಲಿ ಸಿಹಿತಿಂಡಿ ಇಟ್ಟರು. ಜೊತೆಗೆ ಕೆಂಪು-ನೀಲಿ ಬಣ್ಣದ ಒಂದು ಪುಟ್ಟ ಪೆನ್ಸಿಲ್. ಅದು ಮಗಳು ನಿಮಾ ಕೊಟ್ಟು ಕಳಿಸಿದ್ದು. ಇದನ್ನು ಹೇಳಿದಾಗಲೆಲ್ಲ ಮಕ್ಕಳು ಸದ್ದಿಲ್ಲದೆ ಕೇಳುತ್ತಾರೆ. 8,848 ಮೀಟರ್ ಅನ್ನುವ ಲೆಕ್ಕ ಅವರಿಗೆ ಮರೆತುಹೋಗಬಹುದು. ಪೆನ್ಸಿಲ್ ಮರೆಯುವುದಿಲ್ಲ.

ಇಷ್ಟಾದರೂ ಮೇಷ್ಟ್ರು ಬಿಡದಿದ್ದರೆ ಒಂದೇ ಒಂದು ಪ್ರಶ್ನೆ ಬರೆದುಕೊಡುತ್ತೇನೆ: "ನೀವು ಯಾವತ್ತಾದರೂ ಅರ್ಧಕ್ಕೆ ವಾಪಸ್ ಬಂದಿದ್ದೀರಾ?" ಬಂದವರಿಗೆ ಹೇಳಲು ಬಹಳ ಇರುತ್ತದೆ. ಆದ್ದರಿಂದ ಹಾರ, ಶಾಲು, ಸ್ವಾಗತ ಭಾಷಣ ಬೇಗ ಮುಗಿಸಿ, ಮಕ್ಕಳಿಗೆ ಒಂದು ಗಂಟೆ ಬಿಟ್ಟುಕೊಡಿ.