ಚಿಕ್ಕದಿರಬೇಕು, ಅಗ್ಗದ್ದಿರಬೇಕು: ಯಾವ ಪಿಸ್ತೂಲು ತಗೊಳ್ಳಲಿ?

ನಾನಿರುವುದು ಟೆಕ್ಸಾಸಿನಲ್ಲಿ, ಡಲ್ಲಾಸ್ ಪಕ್ಕದ ಒಂದು ಊರಲ್ಲಿ. ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡಲು ಶುರುಮಾಡಿ ಏಳು ವರ್ಷವಾಯಿತು. ಇದು ಗೊತ್ತಿರುವ ಕನ್ನಡದ ಗೆಳೆಯರು ಯುಗಾದಿ ಊಟ ಮುಗಿಸಿ ಕೈ ತೊಳೆಯುವಾಗಲೋ, ಮಕ್ಕಳ ಕ್ರಿಕೆಟ್ ನೋಡುತ್ತಾ ಕೂತಾಗಲೋ ಹತ್ತಿರ ಬಂದು ದನಿ ತಗ್ಗಿಸಿ ಕೇಳುತ್ತಾರೆ. "ಒಂದು ಪಿಸ್ತೂಲು ತಗೋಬೇಕು ಅಂತಿದ್ದೀನಿ. ಚಿಕ್ಕದಿರಬೇಕು, ಶರ್ಟಿನ ಒಳಗೆ ಗೊತ್ತಾಗಬಾರದು, ಜಾಸ್ತಿ ದುಡ್ಡೂ ಆಗಬಾರದು. ಯಾವುದು ತಗೊಳ್ಳಲಿ?"

ಕೇಳುವವರು ಶೋಕಿಗೆ ಕೇಳುವವರಲ್ಲ. ರಾತ್ರಿ ಹನ್ನೊಂದಕ್ಕೆ ಅಂಗಡಿ ಬಾಗಿಲು ಹಾಕಿ, ದುಡ್ಡಿನ ಚೀಲ ಹಿಡಿದು ಒಬ್ಬರೇ ಕಾರಿನ ತನಕ ನಡೆಯುವವರಿದ್ದಾರೆ. ಹಾಗಾಗಿ ಸುಮ್ನೆ ಒಂದು ಹೆಸರು ಹೇಳಿ ಕಳಿಸಲು ನನಗೆ ಮನಸ್ಸಾಗುವುದಿಲ್ಲ. ನನ್ನ ಉತ್ತರ ಉದ್ದ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ: ಯಾವ ವೀಸಾದಲ್ಲಿದ್ದೀರಿ? ಎಚ್-1ಬಿ, ಎಲ್-1, ಎಫ್-1, ಎಚ್-4 ಅಂದರೆ ಮಾತು ಅಲ್ಲಿಗೇ ನಿಲ್ಲಬೇಕು. ಇಂಥ ತಾತ್ಕಾಲಿಕ ವೀಸಾದವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ. ಆದರೆ ಅದನ್ನು ನೆಚ್ಚಿಕೊಂಡು ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಳ್ಳುವ ಮೊದಲು ವಕೀಲರನ್ನು ಕೇಳಿ, ಅಂಗಡಿಯವನನ್ನಲ್ಲ. ಗ್ರೀನ್ ಕಾರ್ಡ್ ಇದ್ದವರು, ಪೌರರು ಕೊಳ್ಳಬಹುದು. ಅಂಗಡಿಯಲ್ಲಿ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು. 4473 ಅನ್ನುವ ಫಾರಂ ತುಂಬಬೇಕು, ಅದರಲ್ಲಿ ಒಂದು ಸುಳ್ಳು ಬರೆದರೂ ಕೇಸು.

"ಹಾಗಾದ್ರೆ ನಿಮ್ಮ ಹೆಸರಲ್ಲಿ ತಗೊಂಡು ನನಗೆ ಕೊಡಿ, ದುಡ್ಡು ನಾನು ಕೊಡ್ತೀನಿ" ಅಂತ ಒಬ್ಬರು ಕೇಳಿದ್ದರು. ಒಳ್ಳೆಯ ಮನುಷ್ಯ, ಕಾನೂನು ಗೊತ್ತಿಲ್ಲದೆ ಕೇಳಿದ್ದು. ಆದರೆ 2022ರ ಕಾನೂನಿನ ಪ್ರಕಾರ ಇದಕ್ಕೆ 15 ವರ್ಷದವರೆಗೆ ಜೈಲು. ಗ್ರೀನ್ ಕಾರ್ಡಿಗಾಗಿ ಹತ್ತಾರು ವರ್ಷ ಕಾಯುವ ನಮ್ಮ ಜನ ಇಂಥದ್ದಕ್ಕೆ ಕೈಹಾಕಿ ಎಲ್ಲವನ್ನೂ ಕಳೆದುಕೊಳ್ಳಬಾರದು.

ಸರಿ, ಕಾನೂನಿನ ತೊಡಕಿಲ್ಲ ಅಂದುಕೊಳ್ಳೋಣ. ಮುಂದಿನದು ದುಡ್ಡು. "300 ಡಾಲರ್ ಇಟ್ಟುಕೊಂಡಿದ್ದೀನಿ" ಅಂದರೆ ನಾನು 600 ಕೂಡಿಸಿ ಅನ್ನುತ್ತೇನೆ. ಪಿಸ್ತೂಲಿಗೆ 300. ಒಳ್ಳೆಯ ಹೋಲ್‌ಸ್ಟರಿಗೆ (ಪಿಸ್ತೂಲು ಸಿಕ್ಕಿಸಿಕೊಳ್ಳುವ ಒರೆ) 60, ಅದನ್ನು ಹೊರುವ ಗಟ್ಟಿ ಬೆಲ್ಟಿಗೆ 40. ಮನೆಯಲ್ಲಿ ಬೀಗ ಹಾಕಿಡುವ ಪೆಟ್ಟಿಗೆಗೆ 50. ಗುಂಡಿಗೆ 100. ತರಗತಿಗೆ 50. ಬೆಲೆಗಳು ಅಂಗಡಿಯಿಂದ ಅಂಗಡಿಗೆ ಹೆಚ್ಚುಕಡಿಮೆ ಆಗುತ್ತವೆ, ಆದರೆ ಲೆಕ್ಕದ ಅಂದಾಜು ಇದೇ. ಅಷ್ಟೂ ದುಡ್ಡನ್ನು ಪಿಸ್ತೂಲಿಗೇ ಸುರಿದು, ಉಳಿದದ್ದನ್ನು ಆಮೇಲೆ ನೋಡಿಕೊಳ್ಳೋಣ ಅಂದವರು ಆಮೇಲೆ ನೋಡಿಕೊಂಡದ್ದನ್ನು ನಾನು ಕಂಡಿಲ್ಲ.

ಈಗ ಎಲ್ಲರೂ ಕಾಯುವ ಭಾಗ. ಚಿಕ್ಕದು ಅಂದರೆ ಎಷ್ಟು ಚಿಕ್ಕದು?

ನಾನು ಮೊದಲು ಕೊಂಡದ್ದು ಅಂಗೈಯಲ್ಲಿ ಅಡಗುವಂಥ, .380 ಅನ್ನುವ ಅಳತೆಯ ಗುಂಡಿನ ಪುಟ್ಟ ಪಿಸ್ತೂಲು. ತೂಕ 300 ಗ್ರಾಂ ಆಸುಪಾಸು. ಜೇಬಿನಲ್ಲಿ ಹಾಕಿದರೆ ಇದೆ ಅನ್ನುವುದೇ ಮರೆತುಹೋಗುತ್ತಿತ್ತು. ಒಂದು ಭಾನುವಾರ ಹೆಂಡತಿಯನ್ನೂ ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿಗೆ ಕರೆದುಕೊಂಡು ಹೋದೆ. ಅವಳು ಎಡಗೈಯ ಹೆಬ್ಬೆರಳು, ತೋರುಬೆರಳಿನಲ್ಲಿ ಸ್ಲೈಡನ್ನು, ಅಂದರೆ ಗುಂಡು ಏರಿಸಲು ಹಿಂದಕ್ಕೆಳೆಯುವ ಮೇಲಿನ ಭಾಗವನ್ನು, ಚಿವುಟಿ ಹಿಡಿದು ಎಳೆದಳು. ಅರ್ಧ ಬಂದು ಬೆರಳಿನಿಂದ ಜಾರಿತು. ಮತ್ತೆ ಎಳೆದಳು, ಮತ್ತೆ ಜಾರಿತು. "ರೀ, ಹಿಡಿಯೋಕೇ ಜಾಗ ಇಲ್ಲ ಇದ್ರಲ್ಲಿ" ಅಂದಳು. ಕೊನೆಗೆ ನಾನೇ ಎಳೆದುಕೊಟ್ಟೆ. ಐದು ಗುಂಡು ಹೊಡೆದು ಕೆಳಗಿಟ್ಟಳು. ಹೆಬ್ಬೆರಳ ಬುಡ ಕೆಂಪಾಗಿತ್ತು. ಏಳು ಗಜ ದೂರದ ಕಾಗದದಲ್ಲಿ ಒಂದು ತೂತು ಇಲ್ಲಿ, ಒಂದು ಅಲ್ಲಿ. ನಾನು ಹೊಡೆದದ್ದೂ ಅದಕ್ಕಿಂತ ಬಹಳ ಚೆನ್ನಾಗೇನೂ ಇರಲಿಲ್ಲ.

ಕಾರಣ ಸರಳ. ಪಿಸ್ತೂಲು ಹಗುರಾದಷ್ಟೂ ಒದೆತ ಜಾಸ್ತಿ. ಹಿಡಿ ಗಿಡ್ಡವಾದರೆ ಕಿರುಬೆರಳು ಗಾಳಿಯಲ್ಲಿ ನೇತಾಡುತ್ತದೆ, ಹಿಡಿತ ಸಡಿಲವಾಗುತ್ತದೆ. ನಳಿಗೆ ಗಿಡ್ಡವಾದರೆ ಗುರಿ ಹಿಡಿಯಲು ಮೇಲೆ ಹಿಂದೊಂದು ಮುಂದೊಂದು ಇರುವ ಮೊನೆಗಳು ಹತ್ತಿರ ಬಂದು, ಕೈ ಕೂದಲೆಳೆಯಷ್ಟು ಅಲುಗಿದರೂ ಗುಂಡು ಎಲ್ಲಿಗೋ ಹೋಗುತ್ತದೆ. ಚಿಕ್ಕ ಪಿಸ್ತೂಲು ಹೊಸಬರಿಗೆ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಪಳಗಿದ ಕೈಗೆ ಮಾಡಿದ್ದು. ಮೇಲಾಗಿ .380ರ ಗುಂಡು 9 ಎಂಎಂ ಗುಂಡಿಗಿಂತ ತುಟ್ಟಿ. 9 ಎಂಎಂ ಅನ್ನು ಪೊಲೀಸರು, ಸೈನ್ಯದವರು ಎಲ್ಲರೂ ಬಳಸುವುದರಿಂದ ರಾಶಿ ರಾಶಿ ತಯಾರಾಗುತ್ತದೆ, ಅಗ್ಗವಾಗಿ ಸಿಗುತ್ತದೆ. ಗುಂಡು ತುಟ್ಟಿಯಾದರೆ ಅಭ್ಯಾಸ ಕಡಿಮೆಯಾಗುತ್ತದೆ, ಅಲ್ವಾ?

ಹಾಗಾಗಿ ನನ್ನ ಮಾತು ಇಷ್ಟು. ಜೇಬಿನದ್ದು ಬೇಡ, ಸೊಂಟದ್ದು ತಗೊಳ್ಳಿ. 9 ಎಂಎಂ. ತೂಕ ಅರ್ಧ ಕಿಲೋ ಆಚೀಚೆ, ನಳಿಗೆ ಮೂರು ಇಂಚಿಗಿಂತ ಸ್ವಲ್ಪ ಜಾಸ್ತಿ.

ಈ ಅಳತೆಯಲ್ಲಿ ನಮ್ಮ ಅದೃಷ್ಟಕ್ಕೆ ಬೆಲೆ ಇಳಿದಿದೆ. 2012ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿಯ ಶೀಲ್ಡ್ ಬಂತು. ತೆಳ್ಳಗಿನ ಪಿಸ್ತೂಲು, 7 ಅಥವಾ 8 ಗುಂಡಿನ ಮ್ಯಾಗಜಿನ್ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ). ಆಗ ಅಷ್ಟು ಗುಂಡೇ ದೊಡ್ಡದು. 2018ರಲ್ಲಿ ಸಿಗ್ ಸಾವರ್ ಕಂಪನಿ ಪಿ365 ತಂದಿತು. ಗುಂಡುಗಳನ್ನು ಒಂದರ ಮೇಲೊಂದು ನೇರ ಸಾಲಿನಲ್ಲಿ ಪೇರಿಸದೆ, ಸ್ವಲ್ಪ ಆಚೆ ಈಚೆ ಓರೆಯಾಗಿ ಕೂರಿಸಿ, ಅಂಥದ್ದೇ ಪುಟ್ಟ ಹಿಡಿಯೊಳಗೆ 10 ಗುಂಡು ಹಿಡಿಸಿದರು. ಮಾರನೇ ವರ್ಷ ಸ್ಪ್ರಿಂಗ್‌ಫೀಲ್ಡ್‌ನ ಹೆಲ್‌ಕ್ಯಾಟ್ ಬಂತು, 2021ರಲ್ಲಿ ಶೀಲ್ಡ್ ಪ್ಲಸ್, ಟಾರಸ್ ಜಿಎಕ್ಸ್4, ರೂಗರ್ ಮ್ಯಾಕ್ಸ್-9. ಹೊಸದು ಬಂದಂತೆ ಜನ ಹಳೆಯ ಶೀಲ್ಡನ್ನು ಅಂಗಡಿಗೆ ಹಿಂದಕ್ಕೆ ಕೊಟ್ಟರು. ಹತ್ತು ಬಾಕ್ಸ್ ಗುಂಡು ಕೂಡ ಹೊಡೆದಿರದ ಪಿಸ್ತೂಲುಗಳು ಸೆಕೆಂಡ್ ಹ್ಯಾಂಡ್ ಕಪಾಟಿನಲ್ಲಿ ಕೂತಿರುತ್ತವೆ. 300 ಡಾಲರ್ ಒಳಗೆ ಕೊಳ್ಳಬೇಕು ಅನ್ನುವವರಿಗೆ ನಾನು ಮೊದಲು ತೋರಿಸುವುದು ಆ ಕಪಾಟನ್ನೇ. 8 ಗುಂಡು ಕಡಿಮೆ ಅಂತ ಅನ್ನಿಸಿದರೆ ಒಂದು ಹೆಚ್ಚುವರಿ ಮ್ಯಾಗಜಿನ್ ಜೊತೆಗಿಟ್ಟುಕೊಳ್ಳಿ.

ಹೊಸದೇ ಬೇಕು ಅಂದರೆ ಟಾರಸ್ ಜಿ3ಸಿ. ಬ್ರೆಜಿಲ್ ದೇಶದ ಕಂಪನಿ, ಅಮೆರಿಕದ ಜಾರ್ಜಿಯಾದಲ್ಲೂ ಕಾರ್ಖಾನೆ ಇದೆ. 12 ಗುಂಡು ಹಿಡಿಯುತ್ತದೆ. 620 ಗ್ರಾಂ ಹತ್ತಿರ ತೂಗುತ್ತದೆ, ಸ್ವಲ್ಪ ದಪ್ಪ, ಆದರೆ ಕಿರುಬೆರಳಿಗೆ ಜಾಗ ಇದೆ. ಇನ್ನೊಂದು ನೂರು ಡಾಲರ್ ಸೇರಿಸಲು ಆಗುವುದಾದರೆ ಶೀಲ್ಡ್ ಪ್ಲಸ್. ಅದರ ಟ್ರಿಗರ್ ನನಗೆ ಇವೆಲ್ಲಕ್ಕಿಂತ ಇಷ್ಟ, ನಾನೀಗ ಇಟ್ಟುಕೊಳ್ಳುವುದೂ ಅದನ್ನೇ. ಗ್ಲಾಕ್ 43ಎಕ್ಸ್ ಒಳ್ಳೆಯದು, ಆದರೆ ಅಗ್ಗದ ಪಟ್ಟಿಗೆ ಸೇರುವುದಿಲ್ಲ.

ಸ್ಲೈಡ್ ಎಳೆಯಲು ಕೈಯಲ್ಲಿ ಬಲ ಇಲ್ಲದವರಿಗೆ, ಸಂಧಿವಾತ ಇರುವವರಿಗೆ, ಶೀಲ್ಡ್ ಇಝಡ್ ಅಂತ ಬೇರೆಯೇ ಇದೆ. 2018ರಲ್ಲಿ .380ರಲ್ಲಿ ಮೊದಲು ಬಂತು, 8 ಗುಂಡು. ಇದು .380 ಆದರೂ ಜೇಬಿನ ಪಿಸ್ತೂಲಿನಂತಲ್ಲ, ಸೊಂಟದ ಅಳತೆಯದ್ದು. ನನ್ನ ಹೆಂಡತಿ ಕೊನೆಗೆ ಆರಿಸಿದ್ದು ಅದನ್ನು. ಸ್ಲೈಡನ್ನು ಒಂದೇ ಸಲಕ್ಕೆ ಹಿಂದಕ್ಕೆಳೆದು ನನ್ನ ಮುಖ ನೋಡಿದಳು. ಐದು ಗುಂಡಿನ ಪುಟ್ಟ .38 ರಿವಾಲ್ವರ್ ಹೇಗೆ ಅಂತಲೂ ಕೇಳುತ್ತಾರೆ. ಜಾಮ್ ಆಗುವುದಿಲ್ಲ ಅನ್ನುವುದು ಬಹುಮಟ್ಟಿಗೆ ನಿಜ. ಟ್ರಿಗರ್ ಬಿಗಿ, ಒದೆತ ಜೋರು. ಹೊಸಬರಿಗೆ ನಾನು ಹೇಳುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮಾತು ಕೇಳಿ ಕೊಳ್ಳಬೇಡಿ. ಬಹಳ ರೇಂಜುಗಳಲ್ಲಿ ಪಿಸ್ತೂಲು ಬಾಡಿಗೆಗೆ ಸಿಗುತ್ತದೆ. ಇಪ್ಪತ್ತು ಡಾಲರ್ ಆಸುಪಾಸು ಕೊಟ್ಟು, ಒಂದೇ ದಿನ ಎರಡು ಮೂರು ಹೊಡೆದು ನೋಡಿ. ಕೊಂಡ ಮೇಲೆ ಕನಿಷ್ಠ 200 ಗುಂಡು ಹೊಡೆಯಿರಿ. ಜೊತೆಗೆ ಆತ್ಮರಕ್ಷಣೆಗೆಂದು ಒಳಗೆ ತುಂಬಿಡುವ ಹಾಲೋ ಪಾಯಿಂಟ್ ಗುಂಡನ್ನೂ ಎರಡು ಮ್ಯಾಗಜಿನ್‌ನಷ್ಟು ಹೊಡೆದು ನೋಡಿ. ಆ ಗುಂಡಿನ ತುದಿ ಚಪ್ಪಟೆಯಾಗಿ ಗುಳಿಬಿದ್ದಿರುತ್ತದೆ. ಕೆಲವು ಪಿಸ್ತೂಲು ತುದಿ ದುಂಡಗಿರುವ ಮಾಮೂಲಿ ಗುಂಡನ್ನು ಸಲೀಸಾಗಿ ನುಂಗಿ ಇದರಲ್ಲಿ ಸಿಕ್ಕಿಕೊಳ್ಳುತ್ತವೆ. ಅದು ಗೊತ್ತಾಗಬೇಕಾದ ಜಾಗ ರೇಂಜು.

ಹೋಲ್‌ಸ್ಟರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ನನ್ನ ಮೊದಲ ಹೋಲ್‌ಸ್ಟರ್ 12 ಡಾಲರಿನದು, ಮೆತ್ತನೆ ಬಟ್ಟೆಯದ್ದು, ಎಲ್ಲ ಪಿಸ್ತೂಲಿಗೂ ಆಗುತ್ತದೆ ಅಂತ ಬರೆದಿತ್ತು. ನಾಲ್ಕು ತಿಂಗಳಲ್ಲಿ ಬಾಯಿ ಸಡಿಲಾಯಿತು. ಒಂದು ಬೆಳಿಗ್ಗೆ ಪಿಸ್ತೂಲನ್ನು ಒಳಗಿಳಿಸುವಾಗ ಏನೋ ತಡೆದಂತಾಯಿತು. ಪುಣ್ಯಕ್ಕೆ ಒತ್ತಲಿಲ್ಲ. ನಿಧಾನವಾಗಿ ಮೇಲಕ್ಕೆಳೆದು ನೋಡಿದರೆ ಬಟ್ಟೆಯ ಅಂಚು ಒಳಕ್ಕೆ ಮಡಚಿಕೊಂಡು ಟ್ರಿಗರ್ ಮುಂದೆ ಬಂದಿತ್ತು. ಅರ್ಧ ಇಂಚು ಒತ್ತಿದ್ದರೆ ನನ್ನ ತೊಡೆಗೇ ಗುಂಡು. ಅವತ್ತೇ ಅದನ್ನು ಕಸಕ್ಕೆ ಹಾಕಿದೆ. ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ, ನಿಮ್ಮ ಪಿಸ್ತೂಲಿನ ಅಚ್ಚಿಗೇ ಮಾಡಿದ, ಟ್ರಿಗರ್ ಪೂರ್ತಿ ಮುಚ್ಚುವ ಹೋಲ್‌ಸ್ಟರ್ ತಗೊಳ್ಳಿ. ಪ್ರತಿ ಸಲವೂ ಕಣ್ಣಿಟ್ಟು ನೋಡಿ, ನಿಧಾನವಾಗಿ ಒಳಗಿಳಿಸಿ. ಇದರಲ್ಲಿ ಅವಸರ ಬೇಡವೇ ಬೇಡ.

ನಾನು ಹುಟ್ಟಿ ಬೆಳೆದದ್ದು ಸಕಲೇಶಪುರದ ಕಡೆ. ತೋಟದ ಮನೆಯಲ್ಲಿ ಅಜ್ಜನ ಜೋಡಿ ನಳಿಗೆ ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ರಸೀದಿ ತರುತ್ತಿದ್ದರು. ತೋಟಾಗಳು ಬೇರೆ ಕೋಣೆಯ ಟ್ರಂಕಿನಲ್ಲಿ, ಅದರ ಕೀಲಿ ಅಜ್ಜಿಯ ಸೆರಗಿನಲ್ಲಿ. ಕೋವಿ ಕೈಗೆ ತಗೊಂಡರೆ ಅಜ್ಜ ಮೊದಲು ಅದನ್ನು ನಡುವೆ ಬಾಗಿಸಿ ತೆರೆದು, ಎರಡೂ ನಳಿಗೆಗೆ ಬೆರಳು ಹಾಕಿ ಖಾಲಿ ಅಂತ ಮುಟ್ಟಿ ನೋಡುತ್ತಿದ್ದರು. ನಿನ್ನೆ ತಾವೇ ಖಾಲಿ ಮಾಡಿಟ್ಟಿದ್ದರೂ ಸರಿ. ಊರಿನ ಕೋವಿ ನೋಡಿ ಬೆಳೆದ ನಮಗೆ ಇಲ್ಲಿಯ ಪಿಸ್ತೂಲು ಗೊತ್ತಿರುವ ವಸ್ತು ಅನ್ನಿಸುತ್ತದೆ. ಆದರೆ ಇದು ಗುಂಡು ತುಂಬಿಕೊಂಡೇ ಮೈಗೆ ಅಂಟಿ ಕೂತಿರುವಂಥದ್ದು. ಅಡುಗೆಮನೆಗೂ ಬರುತ್ತದೆ, ಮಕ್ಕಳ ಪಕ್ಕ ಸೋಫಾದಲ್ಲೂ ಕೂರುತ್ತದೆ. ಸೊಂಟದಿಂದ ತೆಗೆದ ಕ್ಷಣವೇ ಬೀಗದ ಪೆಟ್ಟಿಗೆಗೆ ಹೋಗಬೇಕು. ಬೀರುವಿನ ಮೇಲಲ್ಲ, ದಿಂಬಿನ ಕೆಳಗಲ್ಲ. 17 ವರ್ಷದೊಳಗಿನ ಮಕ್ಕಳ ಕೈಗೆ ಸಿಗುವಂತೆ ಗುಂಡು ತುಂಬಿದ ಪಿಸ್ತೂಲು ಬಿಡುವುದು ಟೆಕ್ಸಾಸಿನಲ್ಲಿ ಅಪರಾಧ. ಕಾನೂನು ಇಲ್ಲದಿದ್ದರೂ ನಾವು ಹಾಗೆ ಬಿಡಬಾರದು. ಅಜ್ಜ ಮಾಡುತ್ತಿದ್ದ ಹಾಗೆ ನಾನು ಈಗಲೂ ಮ್ಯಾಗಜಿನ್ ತೆಗೆದು, ಸ್ಲೈಡ್ ಎಳೆದು, ಒಳಗೆ ಕಿರುಬೆರಳು ಹಾಕಿ ನೋಡುತ್ತೇನೆ.

ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ತುಂಬಿದ, ಬೇರೆ ಅಡ್ಡಿಯಿಲ್ಲದ ಯಾರಾದರೂ ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಆದರೂ ಲೈಸೆನ್ಸ್ ಮಾಡಿಸಿ ಅನ್ನುತ್ತೇನೆ. ಶುಲ್ಕ 40 ಡಾಲರ್. ಪರೀಕ್ಷೆಯಲ್ಲಿ 3, 7, 15 ಗಜ ದೂರದಿಂದ ಒಟ್ಟು 50 ಗುಂಡು, 250ಕ್ಕೆ 175 ಅಂಕ ಬಂದರೆ ಪಾಸು. ತರಗತಿಯಲ್ಲಿ ಎಲ್ಲಿ ಒಯ್ಯಬಾರದು ಅನ್ನುವುದನ್ನು ಬಿಡಿಸಿ ಹೇಳುತ್ತಾರೆ, ನಮ್ಮವರು ಎಡವುವುದು ಅಲ್ಲೇ. ಕನ್ನಡ ಸಂಘದ ರಾಜ್ಯೋತ್ಸವ ಬಹಳ ಕಡೆ ಬಾಡಿಗೆಗೆ ಪಡೆದ ಶಾಲೆಯ ಆಡಿಟೋರಿಯಂನಲ್ಲಿ ನಡೆಯುತ್ತದೆ. ಭಾನುವಾರವಾದರೂ ಅದು ಶಾಲೆಯ ಕಟ್ಟಡವೇ, ಒಳಗೆ ಪಿಸ್ತೂಲು ಒಯ್ಯುವಂತಿಲ್ಲ. ಅವತ್ತು ಮನೆಯಲ್ಲೇ ಬಿಟ್ಟುಹೋಗಿ. ಬಾಗಿಲಲ್ಲಿ ಕೆಂಪು 51% ಬೋರ್ಡು (ಆದಾಯದ ಅರ್ಧಕ್ಕಿಂತ ಹೆಚ್ಚು ಮದ್ಯದಿಂದಲೇ ಅನ್ನುವ ಗುರುತು) ಇರುವ ಬಾರ್‌ಗಳಿಗೂ ಅಷ್ಟೇ. ಟೆಕ್ಸಾಸಿನ ಲೈಸೆನ್ಸ್ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ನಡೆಯುವುದಿಲ್ಲ. ಅಲ್ಲಿ 10ಕ್ಕಿಂತ ಹೆಚ್ಚು ಗುಂಡಿನ ಮ್ಯಾಗಜಿನ್‌ಗೂ ನಿಷೇಧ. ಆ ಕಡೆಯವರು ಜಿ3ಸಿ ಬಗ್ಗೆ ನಾನು ಹೇಳಿದ್ದನ್ನು ಬಿಟ್ಟುಬಿಡಿ.

ಇನ್ನೊಂದು ಮಾತು, ರೇಂಜಿಗೆ ಒಯ್ಯುವ ಚೀಲವನ್ನು ಊರಿಗೆ ಹೋಗುವಾಗ ಮುಟ್ಟಲೇಬೇಡಿ. ಮೂಲೆಯಲ್ಲಿ ಒಂದೇ ಒಂದು ಗುಂಡು ಉಳಿದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಿಕ್ಕರೂ ಆಯುಧ ಕಾಯ್ದೆಯಡಿ ಕೇಸಾಗಬಹುದು. ನಮ್ಮ ಮನೆಯಲ್ಲಿ ಆ ಚೀಲಕ್ಕೆ ಕೆಂಪು ದಾರ ಕಟ್ಟಿದ್ದೇವೆ. ಬೇರೆ ಯಾವ ಸಾಮಾನೂ ಅದರೊಳಗೆ ಹೋಗುವುದಿಲ್ಲ.

ಈ ತಿಂಗಳು ಕೇಳಿದವರು ಹಾಸನದ ಕಡೆಯ ಒಬ್ಬ ಗೆಳೆಯರು. ಹೋದ ವರ್ಷ ಗ್ರೀನ್ ಕಾರ್ಡ್ ಬಂತು, ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ. ಮೊನ್ನೆ ಶನಿವಾರ ಇಬ್ಬರೂ ರೇಂಜಿಗೆ ಹೋಗಿ ಮೂರು ಪಿಸ್ತೂಲು ಬಾಡಿಗೆಗೆ ತಗೊಂಡೆವು. ಪುಟ್ಟ .380ರಲ್ಲಿ ಅವರ ಹತ್ತರಲ್ಲಿ ನಾಲ್ಕು ಗುಂಡು ಕಾಗದಕ್ಕೇ ತಾಗಲಿಲ್ಲ. ಹಳೆಯ ಶೀಲ್ಡಿನಲ್ಲಿ ಹತ್ತೂ ತಟ್ಟೆಯಗಲದೊಳಗೆ ಬಿದ್ದವು. ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ಅಂಗಡಿಯಲ್ಲಿ ಅಂಥದ್ದೇ ಒಂದು 280 ಡಾಲರಿಗೆ ಇತ್ತು, ಅವತ್ತೇ ತಗೊಂಡುಬಿಡೋಣ ಅಂದರು. ನಾನು ಬೇಡ ಅಂದೆ. ಅವರು ಆರ್ಡರ್ ಮಾಡಿದ ಬೀಗದ ಪೆಟ್ಟಿಗೆ ಗುರುವಾರ ಬರುತ್ತದೆ. ಶುಕ್ರವಾರ ಸಂಜೆ ಡ್ರಿಲ್ ತಗೊಂಡು ಅವರ ಮನೆಗೆ ಹೋಗಿ ಅದನ್ನು ಗೋಡೆಗೆ ಬೋಲ್ಟ್ ಹಾಕಿ ಕೂರಿಸುತ್ತೇವೆ. ಅಂಗಡಿಗೆ ಹೋಗುವುದು ಶನಿವಾರ.